ಓಡುವ ಪಟ್ಟೆಯ ಮೇಲೆ ಕಂಡಕ್ಟರ್ ಅಪ್ಪ

ಅಪ್ಪ ಹುಬ್ಬಳ್ಳಿ–ಧಾರವಾಡ ನಡುವೆ ಓಡಾಡುವ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಬಸ್ಸು ಎಷ್ಟೇ ತುಂಬಿರಲಿ, ಕಂಬಿ ಹಿಡಿಯದೆ ಸೊಂಟವನ್ನು ಸೀಟಿಗೆ ಒತ್ತಿ ನಿಂತು ಟಿಕೆಟ್ ಕೊಡುತ್ತಿದ್ದ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಒಂದು ಮುಂಜಾನೆ ಮುಖ ತೊಳೆಯುತ್ತಿದ್ದ ಅಪ್ಪನ ಕೈಯಿಂದ ತಂಬಿಗೆ ಜಾರಿ ಬಿತ್ತು. ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿದ್ದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಗೋಡೆ ಹಿಡಿದೇ ನಡೆಯಬೇಕು. ಎಡಗಾಲು ನೆಲ ಕೆರೆಯುತ್ತ ಹಿಂದಿನಿಂದ ಬರುತ್ತಿತ್ತು.

ವಿದ್ಯಾನಗರದ ಫಿಜಿಯೋಥೆರಪಿ ಕೇಂದ್ರಕ್ಕೆ ಅವ್ವ, ನಾನು ಅಪ್ಪನನ್ನು ಆಟೋದಲ್ಲಿ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮ ನನ್ನ ವಯಸ್ಸಿನವಳೇ. ಅವಳು ಟ್ರೆಡ್‌ಮಿಲ್ ತೋರಿಸಿದಾಗ ಅವ್ವ ಗಾಬರಿಯಾದಳು. ಗಟ್ಟಿ ನೆಲದ ಮೇಲೆ ನಿಲ್ಲಲಾರದವನನ್ನು ಓಡುವ ಪಟ್ಟೆಯ ಮೇಲೆ ನಿಲ್ಲಿಸುವುದೇ ಎಂದು ಕೇಳಿದಳು. ಡಾಕ್ಟರಮ್ಮ ಬೇಸರಿಸದೆ ತಿಳಿಸಿ ಹೇಳಿದಳು: ಮೇಲಿನಿಂದ ಇಳಿಬಿಟ್ಟ ಬೆಲ್ಟು ಬೀಳದಂತೆ ಹಿಡಿದಿರುತ್ತದೆ, ಕಾಲು ಮತ್ತೆ ಮತ್ತೆ ಹೆಜ್ಜೆ ಹಾಕಿದಷ್ಟೂ ಮೆದುಳಿಗೆ ನಡಿಗೆಯ ರೂಢಿ ಮರಳುತ್ತದೆ.

ಪಟ್ಟೆ ನಿಧಾನವಾಗಿ ಸರಿಯತೊಡಗಿತು. ಕಾಯಿಲೆಯಾದ ಮೇಲೆ ಮೊದಲ ಸಲ ಅಪ್ಪ ನಕ್ಕ.

"ಇದು ನಮ್ಮ ಬಸ್ಸಿನಂಗ ಐತಿ ನೋಡವಾ," ಎಂದು ನನಗೆ ಹೇಳಿ, ಹಿಡಿಕೆಯಿಂದ ಬಲಗೈ ತೆಗೆದೇ ಬಿಟ್ಟ.

ಡಾಕ್ಟರಮ್ಮ ಗದರಿದಳು. ಕಂಡಕ್ಟರ್ ಕಂಬಿ ಹಿಡಿದರೆ ಜನ ನಗುತ್ತಾರೆ ಎಂದು ಅಪ್ಪ ವಾದಿಸಿದ.

"ಇಲ್ಲೆ ನೀವು ಪ್ಯಾಸೆಂಜರ್ ಅದೀರಿ. ಹಿಡಕೋರಿ," ಎಂದಳು ಅವಳು.

ಅಪ್ಪ ತೆಪ್ಪಗೆ ಹಿಡಿದುಕೊಂಡ.

ಎಲ್ಲ ದಿನಗಳೂ ಹಾಗಿರಲಿಲ್ಲ. ಕೆಲವೊಮ್ಮೆ ಮೊಣಕಾಲು ಮಡಚಿ ಬೆಲ್ಟಿನಲ್ಲೇ ಜೋತಾಡುತ್ತಿದ್ದ. ಮರುದಿನ, ಇನ್ನು ಬರುವುದಿಲ್ಲ ಎಂದು ಮಂಚದ ಮೇಲೆ ಮುಖ ತಿರುಗಿಸಿ ಕೂರುತ್ತಿದ್ದ. ಅವ್ವ ಒಳ್ಳೆಯ ಸೀರೆ ಉಟ್ಟು ಆಟೋದಲ್ಲಿ ಹೋಗಿ ಕೂತುಬಿಡುವಳು. ಆಟೋದವನು ಹಾರ್ನ್ ಹೊಡೆದಾಗ ಅಪ್ಪ ಗೊಣಗುತ್ತ ಏಳಲೇಬೇಕಾಗುತ್ತಿತ್ತು.

ಅಲ್ಲಿಗೆ ಹಳೇ ಹುಬ್ಬಳ್ಳಿಯ ಒಬ್ಬ ಮುಸ್ಲಿಂ ಮೆಕ್ಯಾನಿಕ್ ಹೆಂಡತಿಯ ಜೊತೆ ಬರುತ್ತಿದ್ದರು. ಪಾರ್ಕಿನ್ಸನ್ಸ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ಅದಕ್ಕಿಂತ ಕಷ್ಟವೆಂದರೆ, ಬಾಗಿಲ ಬಳಿ ಬಂದೊಡನೆ ಪಾದಗಳು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದವು. ಹೊರಗಿನಿಂದ ಒಂದು ಸದ್ದು, ಒಂದು ತಾಳ ಸಿಕ್ಕರೆ ಇಂಥವರ ಕಾಲು ಹೊರಡುವುದುಂಟು ಎಂದು ಡಾಕ್ಟರಮ್ಮ ಚಪ್ಪಾಳೆ ತಟ್ಟುತ್ತಿದ್ದಳು. ಒಂದು ದಿನ ಅಪ್ಪ, ತಾನೊಮ್ಮೆ ಕೂಗಿ ನೋಡಲೇ ಎಂದು ಅವಳನ್ನು ಕೇಳಿದ. ಅವಳು ತಲೆಯಾಡಿಸಿದಳು.

"ಸಾಹೇಬ್ರ, ರೈಟ್!"

ಬಸ್ಸಿನ ಕೊನೆಯ ಸೀಟಿಗೂ ಕೇಳುವ ಅದೇ ದನಿ. ಮೆಕ್ಯಾನಿಕರ ಬಲಗಾಲು ಎದ್ದಿತು. ಅದರ ಹಿಂದೆ ಎಡಗಾಲು. ಹೊಸ್ತಿಲು ದಾಟಿ ಒಳಬಂದ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಅಂದಿನಿಂದ ಅವರು ಅಪ್ಪನ ವೇಳೆಗೇ ಬರತೊಡಗಿದರು. ಪಕ್ಕದ ಮಶೀನಿನಲ್ಲಿ ನಡೆಯುತ್ತ ಹಳೆಯ ಬಸ್ಸುಗಳ ಇಂಜಿನ್ನಿನ ಬಗ್ಗೆ ಮಾತಾಡುವರು. ಅವರ ಕಾಯಿಲೆ ಹೋಗಲಿಲ್ಲ, ಹೋಗದೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಆದರೆ ಅವರ ಹೆಂಡತಿ ನಾಚಿಕೆಯಿಂದಲೇ "ರೈಟ್" ಹೇಳಲು ಕಲಿತರು. ಮನೆಯಲ್ಲೀಗ ಗಂಡನನ್ನು ಎಳೆದು ಹೊಸ್ತಿಲು ದಾಟಿಸಬೇಕಾಗಿಲ್ಲ ಎಂದು ಅವ್ವನ ಮುಂದೆ ಹೇಳಿಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಎಡಪಾದ ನೆಲ ಬಿಟ್ಟು ಏಳುತ್ತಿತ್ತು. ಬಸ್ಸಿನ ಕೆಲಸ ಮತ್ತೆ ಆಗಲಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಕೋಲು ಹಿಡಿದು ದಿನಾ ಹೋಗಿ ಬರುತ್ತಿದ್ದ. ಈಗ ಭಾನುವಾರ ಡ್ಯೂಟಿ ಇಲ್ಲವಾದ್ದರಿಂದ ಅಂಥ ಒಂದು ಸಂಜೆ ಅವ್ವನನ್ನು ಧಾರವಾಡದ ಕೆಲಗೇರಿ ಕೆರೆಗೆ ಕರೆದುಕೊಂಡು ಹೋದ. ಮದುವೆಯಾದ ಮೇಲೆ ಇಬ್ಬರೇ ತಿರುಗಾಡಲು ಹೋದದ್ದು ಅದೇ ಮೊದಲು. ಕತ್ತಲಾಗುವ ಮುಂಚೆ ಮರಳಿದರು.

"ಏನ್ ನಡೀತಾನವಾ ನಿಮ್ಮಪ್ಪ. ನನ್ನ ಬಿಟ್ಟ ಮುಂದ ಮುಂದ ಹೋದಾ," ಎಂದು ಅವ್ವ ಜಗುಲಿಯ ಮೇಲೆ ಕುಸಿದಳು.

ನಾನು ಬಿಸಿನೀರು ಕಾಯಿಸಿ ತಂದೆ. ಅಪ್ಪನ ಕಾಲಿಗೆಂದು ತಂದ ಬೋಗುಣಿಯಲ್ಲಿ ಅವ್ವ ಮೊದಲು ಕಾಲಿಟ್ಟಳು.