ಪಾದ್ರಿಯ ಮೇಲೆ ನಾನು ಮಾಡಿದ ಭಾಷಣ

ಚರಿತ್ರೆ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಸತ್ತವರನ್ನು ವಿಚಾರಣೆ ಮಾಡುವುದೇ ನನ್ನ ಕೆಲಸವಾಯಿತು. ಅವರು ಎದುರು ಮಾತಾಡುವುದಿಲ್ಲವಾದ್ದರಿಂದ ಒಮ್ಮೆಯೂ ಸೋತಿರಲಿಲ್ಲ. ಹೋದ ವರ್ಷ ಸಕಲೇಶಪುರದ ಗೆಳೆಯರ ಬಳಗವೊಂದು, ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ಶಾಲೆ ತೆರೆದಿದ್ದ ಪಾದ್ರಿಯೊಬ್ಬನ ಬಗ್ಗೆ ಮಾತಾಡಲು ಕರೆಯಿತು. ಆತ ತನ್ನ ದೇಶಕ್ಕೆ ಬರೆದ ಕಾಗದಗಳ ಅನುವಾದವನ್ನೂ ಕಳಿಸಿಕೊಟ್ಟರು.

ಓದಿ ರಕ್ತ ಕುದಿಯಿತು. ಇಲ್ಲಿನವರು ಕಲ್ಲಿಗೆ ಕೈಮುಗಿಯುವ ಅಜ್ಞಾನಿಗಳು, ಸೋಮಾರಿಗಳು ಎಂದು ಬರೆದಿದ್ದ. ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ್ದನ್ನೂ, ಅದಕ್ಕೆ ಸಿಟ್ಟಾಗಿ ಊರ ದೊಡ್ಡವರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದ್ದನ್ನೂ ಬರೆದಿದ್ದ. ಸಮಯದ ಅಭಾವದಿಂದ ಅದನ್ನು ನಾನು ಭಾಷಣದಲ್ಲಿ ಕೈಬಿಟ್ಟೆ.

ಸಭೆಯಲ್ಲಿ ಮುಕ್ಕಾಲು ಗಂಟೆ ಪಾದ್ರಿಯನ್ನು ಝಾಡಿಸಿದೆ. 'ಕಾಲ ಹಾಗಿತ್ತು ಎನ್ನುವುದು ತಪ್ಪಿತಸ್ಥರ ನೆಪ' ಎಂದಾಗ ಜೋರು ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ನನ್ನ ಹಳೆಯ ವಿದ್ಯಾರ್ಥಿನಿ. ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವಳು, ಈಗ ನರ್ಸ್.

"ಸಾರ್, ನಮ್ಮನ್ನ ಲೈನ್ ಮಕ್ಳು ಅಂತ ಬೇರೆ ಕೂರಿಸ್ತಿದ್ರಿ. ನೆಪ್ಪೈತಾ?"

ನೆನಪಿತ್ತು. "ಆಗಿನ ಕಾಲ ಹಂಗಿತ್ತು ಕಣಮ್ಮ" ಅಂದುಬಿಟ್ಟೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಇರ್ಬೋದು ಸಾರ್. ಪಾದ್ರಿಗೂ ಅವ್ರ ಕಾಲ ಹಂಗಿತ್ತೇನೋ. ಅವ್ರು ಬರ್ದಿದ್ದೂ ಸರಿಯಲ್ಲ, ನೀವು ಮಾಡಿದ್ದೂ ಸರಿಯಲ್ಲ. ಆದ್ರೆ ನೀವು ಪಾಠ ಚೆನ್ನಾಗಿ ಮಾಡ್ತಿದ್ರಿ. ಅದನ್ನೂ ಹೇಳ್ಬೇಕಲ್ಲ" ಎಂದು ಕೂತಳು.

ಭಾಷಣವನ್ನು ಬರೆದುಕೊಡಿ, ಅಚ್ಚು ಹಾಕಿಸುತ್ತೇವೆ ಎಂದರು ಬಳಗದವರು. ಮನೆಗೆ ಬಂದು ಹೊಸದಾಗಿ ಬರೆಯಲು ಕೂತೆ. ಆತ ಬೆಳೆದ ಊರು, ಅವನಿಗೆ ಕಲಿಸಿದ್ದ ಪಾಠ, ಇಲ್ಲಿನ ಒಂಟಿತನ, ಮಲೇರಿಯಾ ಎಂದು ಪಾದ್ರಿಯ ಪರವಾಗಿ ಐದು ಪುಟ ಹರಿಯಿತು. ಓದಿದ ಹೆಂಡತಿ, "ಇದ್ರಲ್ಲಿ ಅರ್ಧ ನಿಮ್ ಬಗ್ಗೇನೇ ಐತಲ್ರೀ" ಎಂದಳು.

ಎರಡು ಪುಟ ಹರಿದುಹಾಕಿದೆ. ಆತ ನಮ್ಮನ್ನು ಬೈದದ್ದನ್ನೂ ಉಳಿಸಿದೆ, ಮಕ್ಕಳನ್ನು ಒಟ್ಟಿಗೆ ಕೂರಿಸಿದ್ದನ್ನೂ ಸೇರಿಸಿದೆ.

ಮರುದಿನ ನರ್ಸಿಗೆ ಫೋನ್ ಮಾಡಿ, "ಆವತ್ತು ನಿಮ್ಮನ್ನ ಬೇರೆ ಕೂರಿಸಿದ್ದು ತಪ್ಪಮ್ಮ" ಎಂದೆ. ಕಾಲ, ಸಂದರ್ಭ ಯಾವುದನ್ನೂ ಹೇಳಲಿಲ್ಲ.

"ಆಯ್ತು ಸಾರ್. ಬಿಪಿ ಚೆಕ್ ಮಾಡಿಸಿ ಎಷ್ಟು ದಿನ ಆಯ್ತು? ಸೋಮವಾರ ಬನ್ನಿ."

ಹೋದೆ. ಸ್ವಲ್ಪ ಜಾಸ್ತಿಯೇ ಇತ್ತು.