ಗೋಡೆಯ ಮೇಲೆ ತಾತನ ಯಾವ ಹೆಸರು

ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದವರು ಗೆದ್ದು ಕಪ್ಪು ಜನರಿಗೆ ಬಿಡುಗಡೆ ಕೊಟ್ಟರು ಎನ್ನುವುದು ಎಲ್ಲರೂ ಹೇಳುವ ಕಥೆ. ತೊಂಬತ್ತರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ನಾನು ಓದುತ್ತಿದ್ದಾಗ ಎದುರುಮನೆಯಲ್ಲಿದ್ದ ಕಪ್ಪು ಜನಾಂಗದ ಅಜ್ಜಿ ಇದನ್ನು ಕೇಳಿದರೆ, ಪೊರೆ ಬಂದು ಹಾಲಿನ ಬಣ್ಣಕ್ಕೆ ತಿರುಗಿದ್ದ ಎಡಗಣ್ಣು ಮುಚ್ಚಿ, ಇನ್ನೊಂದರಲ್ಲೇ ನನ್ನನ್ನು ಅಳೆಯುತ್ತಿದ್ದರು. "ಕೊಟ್ರಂತೆ. ಹಾಗಾದ್ರೆ ನಮ್ಮ ತಾತ ಬಂದೂಕು ಹಿಡಿದು ನಿಂತಿದ್ದು ಎಲ್ಲಿ, ಅದನ್ನ ಇಸ್ಕೊಳ್ಳೋ ಕ್ಯೂನಲ್ಲಾ?"

ಎಂಬತ್ತು ದಾಟಿದ್ದರು. ಕರೊಲಿನಾದ ಕರಾವಳಿಯಲ್ಲಿ ಅದೇ ತಾತನ ತೊಡೆಯ ಮೇಲೆ ಕೂತು ಬೆಳೆದವರು. ಮಧ್ಯಾಹ್ನ ಸಿಹಿಯಾದ ಐಸ್ ಟೀ ಕೊಟ್ಟು ಅವರು ಹೇಳುತ್ತಾ ಹೋದಂತೆ ಆ ಪುಟ್ಟ ಕೋಣೆಯೊಳಗೆ ಭತ್ತದ ಗದ್ದೆಗಳು, ಉಪ್ಪುಗಾಳಿ, ಉತ್ತರದ ಸೇನೆಯ ನೀಲಿ ಕೋಟು ತೊಟ್ಟು ಎದೆಮಟ್ಟದ ನೀರಿನಲ್ಲಿ ನಡೆದು ಬರುವ ಗಂಡಸರು ತುಂಬಿಕೊಳ್ಳುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಪುರಾವೆ ಏನು ಎಂದು ಕೇಳದೆ ಬಿಡುತ್ತಿರಲಿಲ್ಲ. ಅವರು ನನ್ನನ್ನು ಕರೆಯುತ್ತಿದ್ದುದೇ "ವಕೀಲರೇ" ಎಂದು.

ಆಗ ವಾಷಿಂಗ್ಟನ್ನಿನಲ್ಲಿ, ಆ ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕರ ಹೆಸರು ಕೆತ್ತುವ ಗೋಡೆಯೊಂದು ಏಳುವುದಿತ್ತು. ತಾತನ ಹೆಸರು ಅಲ್ಲಿರಬೇಕು, ಅದನ್ನು ತಾನು ಓದಬೇಕು. ಅಜ್ಜಿಗೆ ಬೇಕಿದ್ದುದು ಅಷ್ಟೇ. ದಾಖಲೆ ಹುಡುಕಲು ನಾನೇ ಹೋದೆ. ಹಳೆಯ ಸೇನಾ ಪಟ್ಟಿಗಳ ಮೈಕ್ರೋಫಿಲ್ಮಿನ ಬೆಳಕಿನಲ್ಲಿ ಹೆಸರುಗಳು ಮೀನಿನ ಹಿಂಡಿನಂತೆ ತೇಲಿಹೋದವು. ತಾತನದು ಮಾತ್ರ ಇರಲಿಲ್ಲ. ಹೆಸರಿಲ್ಲ ಎಂದಮೇಲೆ ಸೈನಿಕರೂ ಅಲ್ಲ ಎಂದು ಬಂದು ಹೇಳಿಬಿಟ್ಟೆ. ಒಂದು ವಾರ ಅಜ್ಜಿ ನನಗೆ ಬಾಗಿಲು ತೆಗೆಯಲಿಲ್ಲ.

ತಪ್ಪು ನನ್ನದೇ. ಸ್ವತಂತ್ರರಾದ ಮೇಲೆ ತಾತ ಆರಿಸಿಕೊಂಡ ಹೆಸರನ್ನು ನಾನು ಹುಡುಕಿದ್ದೆ. ಸೇನೆಗೆ ಸೇರಿದ ದಿನ ಗುಮಾಸ್ತ ಬರೆದುಕೊಂಡದ್ದು ಅವರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ ಒಡೆಯನ ಮನೆಹೆಸರನ್ನು. ಹಾಗೆ ಬರೆಸಿಕೊಂಡವರು ಎಷ್ಟೋ ಜನ. ಇದು ಗೊತ್ತಾದದ್ದು ಮತ್ತೆ ಹೋಗಿ ಹುಡುಕಿದಾಗ. ತಾತನ ಹೆಂಡತಿ ವಿಧವಾ ಪಿಂಚಣಿ ಕೇಳಿದ್ದ ಕಡತದಲ್ಲಿ, ಒಂದೇ ಡೇರೆಯಲ್ಲಿ ಮಲಗಿದ್ದ ಗೆಳೆಯನೊಬ್ಬ ಆ ಎರಡು ಹೆಸರಿನವರೂ ಒಬ್ಬರೇ ಎಂದು ಸಾಕ್ಷಿ ನುಡಿದಿದ್ದ. ಸಹಿ ಬರದೆ ಕತ್ತರಿ ಗುರುತು ಹಾಕಿದ್ದ.

ಗೋಡೆ ಕಟ್ಟುವವರ ನಿಯಮ, ಸೇನೆಯ ಪಟ್ಟಿಯಲ್ಲಿ ಇದ್ದಂತೆಯೇ ಕೆತ್ತುವುದು. ಹೆಸರು ಸೇರಿಸಲು ನಾನು ತಂದಿದ್ದ ಫಾರ್ಮನ್ನು ಅಜ್ಜಿ ಸಹಿ ಹಾಕದೆ ಮಡಚಿಟ್ಟರು.

"ಆ ಮನುಷ್ಯನ ಹೆಸರನ್ನ ಬಿಸಾಕೋಕೇ ಅಲ್ವಾ ತಾತ ಯುದ್ಧಕ್ಕೆ ಹೋಗಿದ್ದು?"

ನಾನು ವಾದಿಸಿದೆ. ಕೆತ್ತದಿದ್ದರೆ ನಾಳೆ ಇನ್ನೊಬ್ಬಳು ಬಂದು ನನ್ನಂತೆಯೇ ಪುರಾವೆ ಕೇಳುತ್ತಾಳೆ ಎಂದೆ. ಆ ಹೆಸರು ಹೊತ್ತು ಗುಂಡಿಗೆ ಎದೆಯೊಡ್ಡಿದವರು ತಾತ, ಒಡೆಯನಲ್ಲ ಎಂದೆ. ಅಜ್ಜಿ ಮಡಚಿಟ್ಟ ಫಾರ್ಮನ್ನು ಮತ್ತೆ ಬಿಡಿಸಿದರು.

"ಆಯ್ತು ವಕೀಲರೇ, ಗೆದ್ರಿ" ಎಂದು ಸಹಿ ಹಾಕಿದರು.

ಗೋಡೆ ಏಳುವ ಮೊದಲೇ ಅಜ್ಜಿ ತೀರಿಕೊಂಡರು. ಓದಿದ್ದು ನಾನೊಬ್ಬಳೇ. ಗೋಡೆಗೆ ಕೂರಿಸಿದ, ಬಿಸಿಲಿಗೆ ಕಾದ ಲೋಹದ ಫಲಕದ ಮೇಲೆ ಒಡೆಯನ ಮನೆಹೆಸರು, ಅದಕ್ಕೆ ಅಂಟಿಕೊಂಡು ತಾತ. ವಾದ ಗೆದ್ದಾಗಲೆಲ್ಲ ಎದುರಿಗಿದ್ದವರ ಮುಖವನ್ನು ಒಮ್ಮೆ ನೋಡುವ ಅಭ್ಯಾಸ ಅಂದಿನಿಂದ ಬಂದದ್ದು.

ಅಜ್ಜಿ, ಅವತ್ತು ನೀವು ನಿಜವಾಗಿ ಒಪ್ಪಿದ್ರಾ, ಇಲ್ಲ ನನ್ನ ಹತ್ತಿರ ಮಾತಾಡಿ ಸಾಕಾಗಿತ್ತಾ?