ಮರಳಿನ ಕಂಡಿ ಕಾಯುವ ಸಿಸ್ಸೆಲ್

“ನಿನ್ನೆ ಸಂಜೆ ಇಲ್ಲೇ ಇದ್ಯಲ್ಲ, ಎಲ್ಲಿಗೆ ಹೋದೆ?”

ಕೇಳುತ್ತಿರುವವರು ಸಿಸ್ಸೆಲ್. ಕೇಳಿಸಿಕೊಳ್ಳಲು ಯಾರೂ ಇಲ್ಲ. ಯೂಟ್‌ಲ್ಯಾಂಡಿನ ಪಶ್ಚಿಮ ಕಡಲದಂಡೆಯಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರಳಗುಡ್ಡದ ನೆತ್ತಿಯಲ್ಲಿ, ಉಣ್ಣೆಯ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಅವರು ನೀರಿನಲ್ಲಿ ಒಂದು ಕಂಡಿಯನ್ನು ಹುಡುಕುತ್ತಿದ್ದಾರೆ.

ಈ ಊರಿಗೆ ಬಂದರಿಲ್ಲ. ದೋಣಿಗಳು ನೇರ ಮರಳಿಗೇ ನುಗ್ಗುತ್ತವೆ, ಹಗ್ಗ ಸುತ್ತುವ ಯಂತ್ರ, ವಿಂಚ್, ಅವನ್ನು ದಡಕ್ಕೆ ಎಳೆಯುತ್ತದೆ. ಆದರೆ ದಡಕ್ಕೆ ಮುಂಚೆ ನೀರಿನಡಿ ಉದ್ದಕ್ಕೆ ಮಲಗಿದ ಮರಳ ದಿಬ್ಬವೊಂದಿದೆ. ಅದರ ನಡುವಿನ ಕಂಡಿಯೊಂದೇ ದಾರಿ. ಬೇಸಿಗೆಯ ಸಣ್ಣ ಅಲೆಗಳು ಮರಳನ್ನು ತಂದು ದಂಡೆಗೆ ಹಾಸುತ್ತವೆ. ಶರತ್ಕಾಲದ ಗಾಳಿ ಎದ್ದಿತೋ, ಹಾಸಿದ್ದನ್ನೆಲ್ಲ ಕಿತ್ತೊಯ್ದು ದಿಬ್ಬಕ್ಕೆ ಪೇರಿಸುತ್ತದೆ. ಓರೆಯಾಗಿ ಬಡಿಯುವ ಅಲೆಗೆ ದಿಬ್ಬವೂ ಕಂಡಿಯೂ ಉತ್ತರಕ್ಕೆ ಸರಿಯುತ್ತಲೇ ಇರುತ್ತವೆ. ಸರಿದಂತೆಲ್ಲ ಗುಡ್ಡದ ಮೇಲಿನ ಎರಡು ಡಾಂಬರು ಬಳಿದ ಕಂಬಗಳನ್ನು ಕಿತ್ತು ನೆಡುವುದು ಸಿಸ್ಸೆಲರ ಕೆಲಸ. ಎರಡೂ ಕಂಬ ಒಂದರ ಹಿಂದೊಂದು ಒಂದೇ ಆಗಿ ಕಂಡರೆ ಕಂಡಿ ಅದೇ ನೇರದಲ್ಲಿದೆ ಎಂದರ್ಥ; ದೋಣಿಯವರು ಕಣ್ಣು ಮುಚ್ಚಿಕೊಂಡು ಬರುತ್ತಾರೆ.

“ಮರಳಿನ ಜೊತೆ ಮಾತಾಡಿದಷ್ಟು ಗಂಡನ ಜೊತೆ ಮಾತಾಡಿದ್ರೆ ಅವನು ಮನೆ ಬಿಟ್ಟು ಹೋಗ್ತಿರ್ಲಿಲ್ಲ,” ಎಂದು ಕೆಳಗಿನಿಂದ ಕೂಗುತ್ತಾರೆ ವಿಂಚ್ ನಡೆಸುವ ಐನಾರ್.

“ಮರಳು ಹೋದ್ರೂ ವಾಪಸ್ ಬರತ್ತೆ,” ಎನ್ನುತ್ತಾರೆ ಸಿಸ್ಸೆಲ್. ನಗುವುದಿಲ್ಲ.

ಕಂಬದ ಕೆಲಸ ಅಪ್ಪನಿಂದ ಬಂದದ್ದು. ಭಾನುವಾರ ಕೆಲಸಕ್ಕೆ ಕೈ ಹಾಕಬಾರದೆಂಬ ಕಟ್ಟಳೆಯ ಮನೆ ಅವರದು. ಒಂದು ಶನಿವಾರ ರಾತ್ರಿ ಬಿರುಗಾಳಿ ಕಂಡಿಯನ್ನು ಮುಚ್ಚಿಬಿಟ್ಟಿತು. “ಅಪ್ಪ ದೇವರಿಗೆ ಹೆದರಿ ಭಾನುವಾರ ಕಂಬ ಮುಟ್ಲಿಲ್ಲ. ಸೋಮವಾರ ಚಿಕ್ಕಪ್ಪ ಅದನ್ನೇ ನಂಬ್ಕೊಂಡು ಬಂದು ದಿಬ್ಬಕ್ಕೆ ಬಡಿದ. ಕಂಬ ಹೇಳಿದ ಕಡೆನೇ ಬಂದಿದ್ದ ನೋಡಿ, ಅವನದೇನೂ ತಪ್ಪಿರ್ಲಿಲ್ಲ,” ಎನ್ನುತ್ತಾರೆ ಅವರು. ಈಗ ಸಿಸ್ಸೆಲ್ ಭಾನುವಾರವೂ ಗುಡ್ಡ ಹತ್ತಿ, ಡಾಂಬರಿನ ಕೈಯಲ್ಲೇ ಇಗರ್ಜಿಗೆ ಹೋಗುತ್ತಾರೆ. ಬೆಂಚಿನಲ್ಲಿ ಕೆಲವರು ಸ್ವಲ್ಪ ದೂರ ಸರಿದು ಕೂರುತ್ತಾರೆ. “ನಂಗೂ ದೇವರ ಭಯ ಇದೆ. ಅದಕ್ಕಿಂತ ಹೆಚ್ಚು, ಸುಳ್ಳು ಹೇಳ್ಕೊಂಡು ನಿಂತಿರೋ ಕಂಬದ ಭಯ.”

ಕಂಡಿ ಸಿಗದಿದ್ದರೆ ಕಂಬಗಳನ್ನು ಮಲಗಿಸುವುದು ಅವರು ತಂದ ರೂಢಿ. ದಂಡೆ ಮುಚ್ಚಿದೆ ಎಂದು ಅದರ ಅರ್ಥ. ರಾತ್ರಿಯ ಗಾಳಿ ಹವಾಮಾನ ವರದಿ ಹೇಳಿದ್ದಕ್ಕಿಂತ ಮೊದಲೇ ಬಂದಿದೆ. ಇವತ್ತು ಕಂಬಗಳು ಮಲಗಿವೆ. ಈ ತುದಿಯಿಂದ ಆ ತುದಿಯವರೆಗೆ ಅಲೆ ಒಡೆದು ನೀರೆಲ್ಲ ಬೆಳ್ಳಗಾಗಿದೆ. ಆ ಬಿಳಿಯ ಆಚೆ ಒಂದೇ ಒಂದು ದೋಣಿ ಏಳುತ್ತ ಮುಳುಗುತ್ತ ಇದೆ. ಅದು ಸಿಸ್ಸೆಲರ ತಮ್ಮ ಲೌರಿಡ್ಸ್‌ನದು.

ಸಿಸ್ಸೆಲರ ಕೈಯಲ್ಲಿನ ವೈರ್‌ಲೆಸ್ ಗೊರಗುಟ್ಟುತ್ತದೆ. “ಅಕ್ಕ, ಕಂಬ ಕಾಣಿಸ್ತಿಲ್ಲ.”

“ಮಲಗಿಸಿದೀನಿ.”

“ಬೆಳಗಾಯ್ತಲ್ಲೇ ಮಾರಾಯ್ತಿ, ಎಬ್ಬಿಸು!”

“ಕಂಡಿ ಎಲ್ಲಿದೆಯೋ ಗೊತ್ತಿಲ್ಲ ಕಣೋ. ದಕ್ಷಿಣದ ಬಂದರಿಗೆ ಹೋಗು.”

ಲೌರಿಡ್ಸ್‌ನ ದನಿಯಲ್ಲಿ ಈಗ ತಮಾಷೆ ಇಲ್ಲ. “ಅಷ್ಟು ದೂರ ಹೋಗ್ತೀನೋ ಇಲ್ವೋ. ತಳದಲ್ಲಿ ನೀರು ಜಿನುಗ್ತಿದೆ, ಪಂಪು ನಿಂತು ನಿಂತು ಓಡ್ತಿದೆ. ಸುಮ್ನೆ ಎಲ್ಲಾದ್ರೂ ನೆಡು ಅಕ್ಕ. ನಿನ್ನ ಅಂದಾಜು ಸಾಕು ನಂಗೆ.”

ಬಿಳಿಯ ನಡುವೆ ಒಂದೆಡೆ ನೀರು ಒಂದು ಕ್ಷಣ ಕಪ್ಪಗಾಗುತ್ತದೆ. ಕಂಡಿಯೇ? ಮತ್ತೆ ಬಿಳಿ. ಸಿಸ್ಸೆಲರ ತುಟಿ ಅಲುಗುತ್ತಿದೆ. ಅದು ಪ್ರಾರ್ಥನೆಯ ಸಾಲು, ಅರ್ಧಕ್ಕೇ ತಪ್ಪಿ ಮತ್ತೆ ಮೊದಲಿಗೆ ಹೋಗುತ್ತದೆ. ಗುಡ್ಡ ಹತ್ತಿ ಬಂದ ಐನಾರ್ ಆಗಲೇ ಒಂದು ಕಂಬದ ತುದಿ ಎತ್ತಿ ಹಿಡಿದು ಅವರ ಮುಖವನ್ನೇ ನೋಡುತ್ತಿದ್ದಾರೆ.

“ಅಕ್ಕ, ಕೇಳಿಸ್ತಾ? ನೆಡು!”

“ಇಲ್ಲ,” ಎನ್ನುತ್ತಾರೆ ಸಿಸ್ಸೆಲ್. “ನೆಡಲ್ಲ.”